ಚಕ್ರದ ಸೂಟ್‌ಕೇಸ್ ಬೇಡ, ಗಮ್ ಬೂಟು ಇಲ್ಲೇ ಸಿಗುತ್ತದೆ

ಓದುಗರ ಪ್ರಶ್ನೆ, ಕೊಡಗಿನಿಂದ ಉತ್ತರ

ಮಳೆಗಾಲ ಹತ್ತಿರ ಬಂತೆಂದರೆ ಈ ಅಂಕಣಕ್ಕೆ ಬರುವ ಪತ್ರಗಳೆಲ್ಲ ಚೀಲದ ಬಗ್ಗೆಯೇ. ಏನು ತರಬೇಕು, ಎಷ್ಟು ತರಬೇಕು, ಯಾವ ಕಂಪನಿಯದು ತರಬೇಕು. ಕಕ್ಕಬ್ಬೆ ಕಡೆ ತೋಟದ ನಡುವೆ ಹೋಮ್‌ಸ್ಟೇ ನಡೆಸುವವಳು ನಾನು. ಬಂದವರ ಸಾಮಾನನ್ನು ಜೀಪಿನಿಂದ ಇಳಿಸಿ, ಹೋಗುವಾಗ ಮತ್ತೆ ಹತ್ತಿಸುವ ಕೆಲಸ ನಮ್ಮ ಮನೆಯವರದ್ದು. ಹಾಗಾಗಿ ಈ ವಿಷಯದಲ್ಲಿ ನಮ್ಮಿಬ್ಬರಿಗೂ ಗಟ್ಟಿಯಾದ ಅಭಿಪ್ರಾಯಗಳಿವೆ. ಕಂಪನಿಗಳ ಹೆಸರು ಮಾತ್ರ ಕೇಳಬೇಡಿ, ಹೇಳುವುದಿಲ್ಲ.

ಪ್ರಶ್ನೆ: ಜುಲೈ ಮೊದಲ ವಾರ ನಾಲ್ಕು ಜನ ಕೊಡಗಿಗೆ ಬರುತ್ತಿದ್ದೇವೆ. ರೇನ್‌ಕೋಟ್ ತರಬೇಕೋ, ಛತ್ರಿ ಸಾಕೋ? ಎರಡು ದೊಡ್ಡ ಟ್ರಾಲಿ ಸೂಟ್‌ಕೇಸ್ ಇವೆ, ಎಲ್ಲರ ಬಟ್ಟೆ ಅದರಲ್ಲೇ ಹಿಡಿಯುತ್ತದೆ. (ಹುಬ್ಬಳ್ಳಿಯ ಗೃಹಿಣಿ)

ಮೊದಲು ಎಲ್ಲಿ ಉಳಿಯುತ್ತೀರಿ ಹೇಳಿ. ಕೊಡಗು ಸಣ್ಣ ಜಿಲ್ಲೆ, ಆದರೆ ಮಳೆ ಎಲ್ಲ ಕಡೆ ಒಂದೇ ಸಮ ಸುರಿಯುವುದಿಲ್ಲ. ಕುಶಾಲನಗರದಲ್ಲಿ ಹನಿ ಮಳೆ ಇರುವ ದಿನ ಮಡಿಕೇರಿಯಲ್ಲಿ ಜೋರು ಮಳೆ ಇರಬಹುದು, ಭಾಗಮಂಡಲದಲ್ಲಿ ರಸ್ತೆ ಮೇಲೆ ನೀರು ಬಂದಿರಬಹುದು. ಭಾಗಮಂಡಲ ಕಡೆ ವರ್ಷಕ್ಕೆ 5,000 ಮಿಲಿಮೀಟರ್ ದಾಟುವುದು ನಮಗೆ ಹೊಸದಲ್ಲ. ಇಲ್ಲಿ ತೋಟದವರು ಮಳೆಯನ್ನು ಇಂಚಿನಲ್ಲೇ ಲೆಕ್ಕ ಹಾಕುತ್ತಾರೆ. ಬೆಳಗ್ಗೆ ಫೋನ್ ಮಾಡಿದರೆ ಮೊದಲ ಮಾತೇ "ನಿಮ್ಮಲ್ಲಿ ಎಷ್ಟು ಇಂಚು?" ಎಂದು. ಒಂದು ಇಂಚು ಅಂದರೆ ಸುಮಾರು 25 ಮಿಲಿಮೀಟರ್. ಜುಲೈಯಲ್ಲಿ ಒಂದೇ ದಿನಕ್ಕೆ ನಾಲ್ಕೈದು ಇಂಚು ಬಂದರೂ ಯಾರೂ ಹುಬ್ಬೇರಿಸುವುದಿಲ್ಲ.

ಇಂಥ ಮಳೆಗೆ ಮೂರು ಮಡಿಕೆಯ ಪುಟ್ಟ ಛತ್ರಿ ಏನೂ ಸಾಲದು. ಗಾಳಿ ಒಂದು ಸಲ ಬೀಸಿದರೆ ತಿರುಗಿ ನಿಲ್ಲುತ್ತದೆ. ಪೇಟೆ ಸುತ್ತಲು, ಗಾಡಿಯಿಂದ ಮನೆವರೆಗೆ ನಡೆಯಲು ಉದ್ದ ಕೋಲಿನ, ಬಾಗಿದ ಹಿಡಿಯ ಕಪ್ಪು ಛತ್ರಿ ಒಂದಿರಲಿ. ಜಾರುವ ದಾರಿಯಲ್ಲಿ ಊರುಗೋಲೂ ಆಗುತ್ತದೆ. ತೋಟದೊಳಗೆ, ಜಲಪಾತದ ಹತ್ತಿರ ರೇನ್‌ಕೋಟೇ ಬೇಕು. ಎರಡು ಕೈಯೂ ಖಾಲಿ ಇರಬೇಕು, ಅದಕ್ಕೆ.

ರೇನ್‌ಕೋಟ್ ಕೊಳ್ಳುವಾಗ ಒಂದು ಕೆಲಸ ಮಾಡಿ. ಅಂಗಡಿಯಲ್ಲೇ ಅದನ್ನು ಒಳಗು ಹೊರಗು ಮಾಡಿ ಹೊಲಿಗೆ ನೋಡಿ. ಹೊಲಿಗೆಯ ಮೇಲೆ ಉದ್ದಕ್ಕೂ ಟೇಪ್ ಅಂಟಿಸಿದ್ದರೆ ಪರವಾಗಿಲ್ಲ. ಬರೀ ದಾರ ಕಂಡರೆ ವಾಪಸ್ ಇಡಿ. ಬಟ್ಟೆ ಎಷ್ಟೇ ಒಳ್ಳೆಯದಿರಲಿ, ಸೂಜಿ ಹೋದ ತೂತಿನಿಂದಲೇ ನೀರು ಇಳಿಯುವುದು. ಭುಜದ ಹೊಲಿಗೆ, ಟೋಪಿ ಸೇರುವ ಜಾಗ, ಜಿಪ್ಪಿನ ಮೇಲೆ ಮುಚ್ಚುವ ಪಟ್ಟಿ, ಈ ಮೂರನ್ನು ನೋಡಿದರೆ ಸಾಕು. ಚೀಟಿಯಲ್ಲಿ "ವಾಟರ್ ರೆಸಿಸ್ಟೆಂಟ್" ಎಂದಿದ್ದರೆ ಅದು ಬೆಂಗಳೂರಿನ ಸಂಜೆ ಮಳೆಗೆ ಆಯಿತು. ನಮಗೆ "ವಾಟರ್‌ಪ್ರೂಫ್" ಎಂದಿರಬೇಕು. ಪೋಂಚೋ ಎಂದು ಮಾರುವ ತೆಳು ಪ್ಲಾಸ್ಟಿಕ್ ಹೊದಿಕೆ ತರಲೇಬೇಡಿ. ಮಾಂದಲಪಟ್ಟಿ ಬೆಟ್ಟದ ಗಾಳಿಗೆ ಅದು ತಲೆ ಮೇಲೆ ಏರಿ, ನಿಮ್ಮ ಕಣ್ಣನ್ನೇ ಮುಚ್ಚುತ್ತದೆ. ಹರಿದ ಮೇಲೆ ಅಲ್ಲೇ ಬಿಟ್ಟು ಹೋಗುವವರೂ ಇದ್ದಾರೆ. ಅದನ್ನು ಹೆಕ್ಕುವುದು ಊರಿನವರ ಕೆಲಸವಾಗುತ್ತದೆ.

ಬಟ್ಟೆಯ ವಿಷಯ. ಜೀನ್ಸ್ ಬೇಡ. ಒದ್ದೆಯಾದರೆ ಕಾಲಿಗೆ ಮೆತ್ತಿಕೊಳ್ಳುತ್ತದೆ, ಜುಲೈಯಲ್ಲಿ ಅದನ್ನು ಒಣಗಿಸುವುದು ನಿಮ್ಮಿಂದಲೂ ಆಗದು, ನನ್ನಿಂದಲೂ ಆಗದು. ಬಿಸಿಲೇ ಇಲ್ಲ, ಒಣಗುವುದು ಎಲ್ಲಿಂದ? ನಮ್ಮ ಬಚ್ಚಲ ಒಲೆಯ ಮೇಲಿನ ತಂತಿಯಲ್ಲಿ ತೆಳು ಟ್ರ್ಯಾಕ್ ಪ್ಯಾಂಟು ರಾತ್ರಿ ಹಾಕಿದರೆ ಬೆಳಗ್ಗೆ ತೊಡಬಹುದು. ಜೀನ್ಸ್ ಹಾಕಿದರೆ ಹೊಗೆ ವಾಸನೆ ಹಿಡಿಯುತ್ತದೆ, ಒದ್ದೆ ಹಾಗೇ ಇರುತ್ತದೆ. ಪಾಲಿಯೆಸ್ಟರ್ ಅಥವಾ ನೈಲಾನಿನ ತೆಳು ಪ್ಯಾಂಟು ಎರಡು, ಒಣ ಬಟ್ಟೆಯ ಒಂದು ಜೊತೆ ಪ್ಲಾಸ್ಟಿಕ್ ಚೀಲದಲ್ಲಿ ಕಟ್ಟಿ ಬೇರೆ. ಆ ಜೊತೆ ರಾತ್ರಿ ಮನೆಯೊಳಗೆ ಮಾತ್ರ. ಎಂಥ ಆಸೆಯಾದರೂ ಅದನ್ನು ಹಾಕಿಕೊಂಡು ಹೊರಗೆ ಹೋಗಬೇಡಿ. ಕಾಲುಚೀಲ ಎಷ್ಟು ತಂದರೂ ಜಾಸ್ತಿ ಅಲ್ಲ. ತೆಳು ಟವೆಲ್ ತನ್ನಿ, ದಪ್ಪ ಟರ್ಕಿ ಟವೆಲ್ ಮನೆಯಲ್ಲಿ ಇರಲಿ.

ಇನ್ನು ಟ್ರಾಲಿ. ಬಹಳ ಹೋಮ್‌ಸ್ಟೇಗಳಿಗೆ ಕೊನೆಯ ಸ್ವಲ್ಪ ದೂರ ಮಣ್ಣು ರಸ್ತೆಯೇ. ಕೆಂಪು ಕೆಸರಲ್ಲಿ ಆ ಪುಟ್ಟ ಚಕ್ರ ಉರುಳುವುದಿಲ್ಲ. ಎತ್ತಿಕೊಂಡೇ ಬರಬೇಕು. ಹೆಗಲಿಗೆ ಹಾಕುವ ಚೀಲ ಒಬ್ಬೊಬ್ಬರಿಗೆ ಒಂದು ಇದ್ದರೆ ಮಕ್ಕಳೂ ತಮ್ಮದನ್ನು ತಾವೇ ಹೊರುತ್ತಾರೆ. ಚೀಲದ ಮೇಲೆ ಹಾಕುವ ರೇನ್ ಕವರ್ ಮಾತ್ರ ನಂಬಬೇಡಿ, ಬೆನ್ನಿನ ಕಡೆಯಿಂದ ನೀರು ಒಳಗೆ ಇಳಿಯುತ್ತದೆ. ಚೀಲದ ಒಳಗೇ ಒಂದು ದಪ್ಪ ಪ್ಲಾಸ್ಟಿಕ್ ಚೀಲ ಇಟ್ಟು, ಬಟ್ಟೆಯನ್ನೆಲ್ಲ ಅದರಲ್ಲಿ ತುಂಬಿ, ಬಾಯಿ ತಿರುಚಿ ಕಟ್ಟಿ. ನಮ್ಮ ತೋಟದಲ್ಲಿ ತೊಳೆದ ಗೊಬ್ಬರದ ಚೀಲವನ್ನೇ ಹೀಗೆ ಬಳಸುತ್ತಾರೆ. ಅಂದ ಇಲ್ಲ, ಆದರೆ ಹನಿ ನೀರು ಒಳಗೆ ಹೋಗುವುದಿಲ್ಲ.

ಚಪ್ಪಲಿ ಬಗ್ಗೆ ನೀವು ಕೇಳಲಿಲ್ಲ, ನಾನೇ ಹೇಳುತ್ತೇನೆ. ಹಿಂದೆ ಪಟ್ಟಿ ಇರುವ ರಬ್ಬರ್ ಸ್ಯಾಂಡಲ್ ಹಾಕಿಕೊಂಡು ಬನ್ನಿ. ತೋಟ ಸುತ್ತಬೇಕೆಂದರೆ ಮಡಿಕೇರಿ, ವಿರಾಜಪೇಟೆ, ಸೋಮವಾರಪೇಟೆ, ಎಲ್ಲಿ ಬೇಕಾದರೂ ಗಮ್ ಬೂಟು ಸಿಗುತ್ತದೆ. ತೋಟದ ಕೆಲಸದವರು ಹಾಕುವುದು ಅದನ್ನೇ. ದುಬಾರಿ ಟ್ರೆಕ್ಕಿಂಗ್ ಶೂಗಿಂತ ಕೆಸರಿಗೆ ಅದೇ ವಾಸಿ. ಮಡಿಕೇರಿಯಾದರೆ ಶುಕ್ರವಾರದ ಸಂತೆ ದಿನ ಬನ್ನಿ, ಹಾಗೇ ಸಂತೆಯನ್ನೂ ನೋಡಿದ ಹಾಗಾಯಿತು. ಬೂಟು ಹಾಕುವ ಮೊದಲು ತಲೆಕೆಳಗು ಮಾಡಿ ಕೊಡವಿ. ಒಳಗೆ ಕಪ್ಪೆ ಕೂತಿರುವುದುಂಟು, ಚೇಳೂ ಉಂಟು.

ಪ್ರಶ್ನೆ: ಆಫೀಸಿನ ಗೆಳತಿಯರೆಲ್ಲ ಸೇರಿ ತಡಿಯಂಡಮೋಳ್ ಹತ್ತಬೇಕೆಂದಿದ್ದೇವೆ. ನನಗೆ ಜಿಗಣೆ ಎಂದರೆ ಪ್ರಾಣಭಯ. ಒಬ್ಬರು ಉಪ್ಪು ಎನ್ನುತ್ತಾರೆ, ಒಬ್ಬರು ಬೆಂಕಿಕಡ್ಡಿ, ಇನ್ನೊಬ್ಬರು ಡೆಟಾಲ್. ಯಾವುದು ಸರಿ? (ಬೆಂಗಳೂರಿನ ಓದುಗಿ)

ನಾವು ಇಂಬಳ ಎನ್ನುತ್ತೇವೆ. ಅದು ಹಾರುವುದಿಲ್ಲ, ಮರದಿಂದ ತಲೆ ಮೇಲೆ ಉದುರುವುದೂ ಇಲ್ಲ. ನೆಲದ ತರಗೆಲೆಯಲ್ಲಿ, ಹುಲ್ಲಿನ ತುದಿಯಲ್ಲಿ ನಿಂತು ಕಾಯುತ್ತದೆ. ನೀವು ನಡೆಯುವ ಅದುರು, ಮೈಯ ಬಿಸಿ, ಬಿಡುವ ಉಸಿರು ಅದಕ್ಕೆ ಗೊತ್ತಾಗುತ್ತದೆ. ಆದ್ದರಿಂದ ಸಾಲಿನಲ್ಲಿ ಮುಂದೆ ಹೋದವರಿಗಿಂತ ಹಿಂದೆ ಬಂದವರಿಗೇ ಹೆಚ್ಚು ಹತ್ತುವುದು. ಮೊದಲನೆಯವರು ಎಬ್ಬಿಸಿ ಹೋಗಿರುತ್ತಾರೆ, ಅಲ್ವಾ? ನಿಮಗೆ ಅಷ್ಟು ಭಯವಿದ್ದರೆ ಮುಂದೆ ನಡೆಯಿರಿ. ನಿಂತು ಸೆಲ್ಫಿ ತೆಗೆಯುವುದನ್ನು ಬಂಡೆ ಮೇಲೆ ಇಟ್ಟುಕೊಳ್ಳಿ, ಹುಲ್ಲಿನಲ್ಲಿ ಬೇಡ.

ಸಾಮಾನ್ಯ ಕಾಲುಚೀಲದ ಹೆಣಿಗೆಯ ಸಂದಿಯಲ್ಲಿ ಇಂಬಳ ಆರಾಮಾಗಿ ತೂರುತ್ತದೆ. ಅದಕ್ಕಾಗಿಯೇ ಒತ್ತಾಗಿ ನೇಯ್ದ ಬಟ್ಟೆಯ, ಮೊಣಕಾಲವರೆಗೆ ಬರುವ ಲೀಚ್ ಸಾಕ್ಸ್ ಸಿಗುತ್ತದೆ. ಮಾಮೂಲಿ ಕಾಲುಚೀಲದ ಮೇಲೆ ಅದನ್ನು ಹಾಕಿ, ಪ್ಯಾಂಟಿನ ತುದಿಯನ್ನು ಅದರೊಳಗೆ ತುರುಕಿ, ಮೇಲೆ ದಾರ ಬಿಗಿದು, ಆಮೇಲೆ ಶೂ. ನನ್ನ ಕೇಳಿದರೆ ದುಡ್ಡು ಕೊಟ್ಟು ತರಬೇಕಾದ ಸಾಮಾನೆಂದರೆ ಇದೊಂದೇ. ತಿಳಿ ಬಣ್ಣದ್ದು ತನ್ನಿ, ಹತ್ತುವುದು ಕಾಣುತ್ತದೆ.

ಹಚ್ಚುವುದಕ್ಕೆ ನಮ್ಮವರು ನಶ್ಯ ಅಥವಾ ಹೊಗೆಸೊಪ್ಪಿನ ಪುಡಿಯನ್ನು ತೆಂಗಿನೆಣ್ಣೆಗೆ ಕಲಸಿ ಕಾಲಿಗೆ, ಶೂವಿನ ಅಂಚಿಗೆ ಬಳಿಯುತ್ತಾರೆ. ಎಣ್ಣೆ ಇರುವುದರಿಂದ ಮಳೆಗೆ ಬೇಗ ತೊಳೆದು ಹೋಗುವುದಿಲ್ಲ. ಬರೀ ಉಪ್ಪು ಬಳಿದುಕೊಂಡರೆ ಮೊದಲ ಮಳೆಗೇ ಕರಗಿತು, ಉಳಿದದ್ದು ಚರ್ಮ ಉರಿಸುತ್ತದೆ. ಉಪ್ಪಿಗೆ ಬೇರೆ ಉಪಾಯ ಇದೆ. ತೆಳು ಬಟ್ಟೆಯಲ್ಲಿ ಒಂದು ಹಿಡಿ ಉಪ್ಪು ಗಂಟು ಕಟ್ಟಿ, ಆ ಗಂಟನ್ನು ಕೋಲಿನ ತುದಿಗೆ ಬಿಗಿಯಿರಿ. ಶೂ ಮೇಲೆ ಹತ್ತುತ್ತಿರುವ ಇಂಬಳಕ್ಕೆ ಅದನ್ನು ಮುಟ್ಟಿಸಿದರೆ ಉದುರುತ್ತದೆ. ಬಗ್ಗುವ ಕೆಲಸವಿಲ್ಲ.

ಕಚ್ಚಿ ಕೂತಿದ್ದರೆ ಮಾತ್ರ ಉಪ್ಪು, ಬೆಂಕಿ, ಡೆಟಾಲ್ ಯಾವುದೂ ಬೇಡ. ಹಿಂಸೆಯಾದಾಗ ಅದು ಹೊಟ್ಟೆಯಲ್ಲಿದ್ದದ್ದನ್ನು ಗಾಯದೊಳಗೆ ಕಾರಬಹುದು. ಸಪೂರ ತುದಿಯ ಕಡೆ ಬಾಯಿ ಇರುತ್ತದೆ. ಅಲ್ಲಿ ಉಗುರನ್ನು ಚರ್ಮಕ್ಕೆ ಒತ್ತಿ ಪಕ್ಕಕ್ಕೆ ಸರಿಸಿ. ಹಿಡಿತ ಬಿಡುತ್ತದೆ. ಆಮೇಲೆ ದಪ್ಪ ತುದಿಯನ್ನೂ ಹಾಗೇ ಬಿಡಿಸಿ ದೂರ ಎಸೆಯಿರಿ. ರಕ್ತ ಸ್ವಲ್ಪ ಹೊತ್ತು ನಿಲ್ಲುವುದಿಲ್ಲ, ಗಾಬರಿ ಬೇಡ. ಅದರ ಎಂಜಲಿನಲ್ಲಿ ರಕ್ತ ಹೆಪ್ಪುಗಟ್ಟದಂತೆ ಮಾಡುವ ಹಿರುಡಿನ್‌ನಂಥ ವಸ್ತು ಇರುತ್ತದೆ. ಸೋಪು ನೀರಲ್ಲಿ ತೊಳೆದು, ಬಟ್ಟೆಯಿಂದ ಒತ್ತಿ ಹಿಡಿದು, ಪ್ಲಾಸ್ಟರ್ ಹಾಕಿ. ಎರಡು ಮೂರು ದಿನ ತುರಿಸುತ್ತದೆ, ಕೆರೆಯಬೇಡಿ. ರಕ್ತ ತೆಳುವಾಗಲು ಮಾತ್ರೆ ತೆಗೆದುಕೊಳ್ಳುವವರು ಗುಂಪಿನಲ್ಲಿದ್ದರೆ ಅವರು ಮಳೆಗಾಲದ ಕಾಡಿಗೆ ಹೋಗುವ ಮೊದಲು ಡಾಕ್ಟರನ್ನು ಕೇಳಲಿ.

ಬೆಟ್ಟದ ಬಗ್ಗೆ: ತಡಿಯಂಡಮೋಳ್ 1,748 ಮೀಟರ್, ಕೊಡಗಿನಲ್ಲಿ ಇದಕ್ಕಿಂತ ಎತ್ತರದ ಬೆಟ್ಟ ಇಲ್ಲ. ನಾಲ್ಕುನಾಡು ಅರಮನೆಯ ಹತ್ತಿರದಿಂದ ಹತ್ತುವುದು. ಮೊದಲ ಭಾಗ ಸುಲಭ, ಕೊನೆಯ ಏರು ಉಸಿರು ತೆಗೆಯುತ್ತದೆ. ಗಮ್ ಬೂಟಿನಲ್ಲಿ ಈ ಬೆಟ್ಟ ಹತ್ತಬೇಡಿ, ಹಿಮ್ಮಡಿ ಜಾರಿ ಗುಳ್ಳೆ ಏಳುತ್ತದೆ. ಹಿಡಿತವಿರುವ ಶೂ ಬೇಕು. ಜೋರು ಮಳೆಯಲ್ಲಿ ದಾರಿ ಮುಚ್ಚುವುದುಂಟು. ಅರಣ್ಯ ಇಲಾಖೆಯ ಅರಣ್ಯ ವಿಹಾರ ಜಾಲತಾಣದಲ್ಲಿ ತೆರೆದಿದೆಯೇ ಎಂದು ನೋಡಿಕೊಂಡೇ ರಜೆ ಹಾಕಿ. ಅಕ್ಟೋಬರ್ ಕೊನೆಗೆ ಬಂದರೆ ಇಂಬಳವೂ ಕಡಿಮೆ, ಮೇಲಿಂದ ಏನಾದರೂ ಕಾಣುತ್ತದೆ ಕೂಡ. ಜುಲೈಯಲ್ಲಿ ತುದಿಯಲ್ಲಿ ನಿಂತರೆ ಮಂಜು ಬಿಟ್ಟು ಬೇರೇನೂ ಇಲ್ಲ.

ಪ್ರಶ್ನೆ: ಡಿಸೆಂಬರಿನಲ್ಲಿ ಮಡಿಕೇರಿಗೆ ದಪ್ಪ ಜಾಕೆಟ್ ಬೇಕೇ? ಕುಲುಮನಾಲಿಗೆಂದು ಕೊಂಡದ್ದು ಇದೆ. (ದಾವಣಗೆರೆಯ ಓದುಗರು)

ಬೇಡ. ಬೆಳಗಿನ ಜಾವ ಚಳಿ ಇರುತ್ತದೆ, ಹತ್ತು ಗಂಟೆಗೆ ಬಿಸಿಲು ಚುರುಗುಟ್ಟುತ್ತದೆ. ಒಂದು ಸ್ವೆಟರ್, ಮೇಲೆ ಗಾಳಿ ತಡೆಯುವ ತೆಳು ಜಾಕೆಟ್, ಕಿವಿಗೆ ಮಫ್ಲರ್. ಒಂದೊಂದಾಗಿ ಬಿಚ್ಚುತ್ತಾ ಹೋಗಬಹುದು. ಕುಲುವಿನದ್ದು ಕುಲುವಿಗೇ ಇರಲಿ.

ಪ್ರಶ್ನೆ: ಅಮ್ಮನಿಗೆ ಎಪ್ಪತ್ತು ದಾಟಿದೆ. ತಲಕಾವೇರಿ ನೋಡಲೇಬೇಕೆಂದು ಹಟ. ಮಂಡಿ ನೋವಿದೆ. ಏನೇನು ಸಿದ್ಧತೆ ಮಾಡಿಕೊಳ್ಳಬೇಕು? (ತುಮಕೂರಿನ ಓದುಗರು)

ಕರೆದುಕೊಂಡು ಬನ್ನಿ, ವಾಹನ ಹತ್ತಿರದವರೆಗೆ ಹೋಗುತ್ತದೆ. ಆದರೆ ಅದು ಸಮುದ್ರ ಮಟ್ಟದಿಂದ 1,276 ಮೀಟರ್ ಎತ್ತರ, ಬ್ರಹ್ಮಗಿರಿಯ ಓರೆ. ಗಾಳಿ ಜೋರು. ಕೆಳಗೆ ಭಾಗಮಂಡಲದಲ್ಲಿ ಬಿಸಿಲಿದ್ದರೂ ಮೇಲೆ ಮಂಜು ಇರಬಹುದು. ಅಮ್ಮನಿಗೆ ಶಾಲು ಕಾರಿನೊಳಗೇ ಕೈಗೆ ಸಿಗುವ ಹಾಗಿರಲಿ. ಡಿಕ್ಕಿಯಲ್ಲಿ ಇಟ್ಟರೆ ತೆಗೆಯುವಷ್ಟರಲ್ಲಿ ನಡುಗಿರುತ್ತಾರೆ.

ಮುಖ್ಯ ಸಂಗತಿ ಪಾದ. ಒಳಗೆ ಚಪ್ಪಲಿ ಬಿಟ್ಟೇ ಹೋಗಬೇಕು. ಕಲ್ಲು ಹಾಸು ಒದ್ದೆಯಾಗಿರುತ್ತದೆ, ತಣ್ಣಗೆ ಕೊರೆಯುತ್ತದೆ. ಮೆಟ್ಟಿಲೂ ಇವೆ. ಲೇಸ್ ಕಟ್ಟುವ ಶೂ ಬೇಡ, ಬಗ್ಗುವುದು ಕಷ್ಟ. ಸುಲಭವಾಗಿ ಕಳಚುವ ಚಪ್ಪಲಿ ಹಾಕಿಸಿ. ಹೊರಗೆ ಬಂದ ಕೂಡಲೇ ಕಾಲು ಒರೆಸಲು ಹಳೆ ಟವೆಲ್, ಒಣ ಉಣ್ಣೆ ಕಾಲುಚೀಲ ಕಾರಿನಲ್ಲಿ ಸಿದ್ಧವಿರಲಿ. ಸಾಮಾನ್ಯ ಕಾಲುಚೀಲ ಹಾಕಿಕೊಂಡು ಒದ್ದೆ ಕಲ್ಲಿನ ಮೇಲೆ ನಡೆಯಲು ಮಾತ್ರ ಬಿಡಬೇಡಿ. ಬರಿಗಾಲಿಗಿಂತ ಅದೇ ಹೆಚ್ಚು ಜಾರುತ್ತದೆ. ಕೋಲು ತರುವುದಾದರೆ ಅದರ ತುದಿಯ ರಬ್ಬರ್ ಸವೆದಿದೆಯೇ ನೋಡಿ. ಮೆಡಿಕಲ್ ಶಾಪಿನಲ್ಲಿ ಹೊಸ ರಬ್ಬರ್ ಬುಡ ಸಿಗುತ್ತದೆ.

ಅಕ್ಟೋಬರ್ 17 ಅಥವಾ 18ರ ತುಲಾ ಸಂಕ್ರಮಣಕ್ಕೆ ಕರೆತರುವ ಯೋಚನೆಯಿದ್ದರೆ ಎರಡು ಸಲ ಯೋಚಿಸಿ. ಕುಂಡಿಕೆಯಲ್ಲಿ ಕಾವೇರಿ ಉಕ್ಕುವ ತೀರ್ಥೋದ್ಭವಕ್ಕೆ ಕಾಲಿಡಲಾಗದಷ್ಟು ಜನ ಸೇರುತ್ತಾರೆ. ಅದು ಮುಗಿದು ಒಂದು ವಾರ ಬಿಟ್ಟು ಬಂದರೆ ಅಮ್ಮ ಕುಂಡಿಕೆಯ ಮುಂದೆ ನೆಮ್ಮದಿಯಾಗಿ ಕೈಮುಗಿಯಬಹುದು. ಫ್ಲಾಸ್ಕಿನಲ್ಲಿ ಬಿಸಿನೀರು ಮರೆಯಬೇಡಿ.

ಪ್ರಶ್ನೆ: ಮಗನಿಗೆ ತಿರುವಿನ ರಸ್ತೆಯಲ್ಲಿ ವಾಂತಿ. ಮೈಸೂರಿಂದ ಬಸ್ಸಿನಲ್ಲಿ ಬರುತ್ತೇವೆ. (ಮಂಡ್ಯದ ಓದುಗಿ)

ಮೈಸೂರಿಂದ ಕುಶಾಲನಗರದವರೆಗೆ ರಸ್ತೆ ಹೆಚ್ಚುಕಡಿಮೆ ನೇರ. ತೊಂದರೆ ಶುರುವಾಗುವುದು ಅಲ್ಲಿಂದ ಮುಂದೆ, ಸುಂಟಿಕೊಪ್ಪ ದಾಟಿ ಮಡಿಕೇರಿ ಹತ್ತುವಾಗ. ಕೊನೆಯ ಸುಮಾರು 30 ಕಿಲೋಮೀಟರ್. ಹಾಗಾಗಿ ಕುಶಾಲನಗರದಲ್ಲಿ ಮಸಾಲೆ ದೋಸೆ ಕೊಡಿಸಬೇಡಿ. ಖಾಲಿ ಹೊಟ್ಟೆಯೂ ಒಳ್ಳೆಯದಲ್ಲ. ಎರಡು ಇಡ್ಲಿಯೋ ಬಿಸ್ಕತ್ತೋ ಸಾಕು. ಬಸ್ಸಿನಲ್ಲಿ ಮುಂದಿನ ಸೀಟು ಕೇಳಿ ಹಿಡಿಯಿರಿ, ಹಿಂದಿನ ಚಕ್ರದ ಮೇಲಿನದ್ದು ಬೇಡ. ಮೊಬೈಲ್ ಕಿತ್ತುಕೊಳ್ಳಿ. ದೂರದ ರಸ್ತೆ ನೋಡುತ್ತಾ ಕೂತರೆ ಅರ್ಧ ತೊಂದರೆ ಕಡಿಮೆ. ಕಣ್ಣು ಒಂದು ಹೇಳಿ, ಕಿವಿಯೊಳಗಿನ ಸಮತೋಲದ ಭಾಗ ಇನ್ನೊಂದು ಹೇಳಿದಾಗಲೇ ಹೊಟ್ಟೆ ತೊಳಸುವುದು. ಮಾತ್ರೆ ಕೊಡುವುದಿದ್ದರೆ ಮಗನ ವಯಸ್ಸು ತೂಕ ಹೇಳಿ ಡಾಕ್ಟರನ್ನು ಕೇಳಿ. ಹೊರಡುವ ಮುಂಚೆಯೇ ಕೊಡಬೇಕು, ವಾಂತಿ ಶುರುವಾದ ಮೇಲೆ ಕೊಟ್ಟರೆ ಅದೂ ಹೊರಗೆ. ಮಾತ್ರೆಯಿಂದ ನಿದ್ದೆ ಬರುತ್ತದೆ. ಕಾರು ಓಡಿಸುವವರು ಅದನ್ನು ನುಂಗಬಾರದು. ತೂತಿಲ್ಲದ ಚೀಲವೊಂದು ನಿಮ್ಮ ಮಡಿಲಲ್ಲಿರಲಿ, ತಲೆ ಮೇಲಿನ ಕ್ಯಾರಿಯರ್‌ನಲ್ಲಿ ಅಲ್ಲ.

ಪ್ರಶ್ನೆ: ಮಳೆಯಲ್ಲಿ ಬೈಕಿನಲ್ಲಿ ಬರುವ ಮಜಾನೇ ಬೇರೆ ಎನ್ನುತ್ತಾರೆ. ನಾವು ಆರು ಜನ ಬರುತ್ತಿದ್ದೇವೆ. ಗೇರ್ ಬಗ್ಗೆ ತಿಳಿಸಿ. (ಬೆಂಗಳೂರಿನ ವಿದ್ಯಾರ್ಥಿ)

ಮಜಾ ಎನ್ನುವವರು ಯಾರು ಎಂದು ನನಗೂ ನೋಡಬೇಕು. ನಮ್ಮ ಅಂಗಳಕ್ಕೆ ಬಂದಿಳಿಯುವಾಗ ಹಲ್ಲು ಕಟಕಟ ಎನ್ನುತ್ತಿರುತ್ತದೆ, ಬಾಯಲ್ಲಿ ಮಾತು ಹೊರಡುವುದಿಲ್ಲ. ಆದರೂ ಬರುತ್ತೀರಿ, ಇರಲಿ.

ಟೈರ್ ಮೊದಲು. ಸವೆದ ಟೈರಿನಲ್ಲಿ ಬರುವುದಾದರೆ ಜಾಕೆಟ್ಟಿಗೆ ಹಾಕುವ ದುಡ್ಡನ್ನು ಟೈರಿಗೆ ಹಾಕಿ. ಇಲ್ಲಿನ ರಸ್ತೆಯಲ್ಲಿ ನೀರು ಮಾತ್ರ ಇರುವುದಿಲ್ಲ. ಸಿಲ್ವರ್ ಮರದ ಎಲೆ, ಪಾಚಿ, ತೋಟದ ಟ್ರ್ಯಾಕ್ಟರ್ ಬಿಟ್ಟು ಹೋದ ಕೆಸರು, ಸಗಣಿ. ತಿರುವಿಗೆ ಮುಂಚೆಯೇ ವೇಗ ಇಳಿಸಿ. ತಿರುವಿನೊಳಗೆ ಮುಂದಿನ ಬ್ರೇಕ್ ಒತ್ತಿದರೆ ಮುಗಿಯಿತು. ಇಳಿಜಾರಿನಲ್ಲಿ ನ್ಯೂಟ್ರಲ್ ಮಾಡಬೇಡಿ, ಯಾವ ಗೇರಿನಲ್ಲಿ ಹತ್ತುತ್ತೀರೋ ಅದೇ ಗೇರಿನಲ್ಲಿ ಇಳಿಯಿರಿ. ಇಕ್ಕಟ್ಟಾದ ಕಡೆ ಹತ್ತಿ ಬರುವ ವಾಹನಕ್ಕೆ ಮೊದಲು ದಾರಿ. ಇದು ನಿಯಮ, ನಮ್ಮೂರಿನ ಮರ್ಯಾದೆಯೂ ಹೌದು.

ಮಳೆ ಪ್ಯಾಂಟು ಬೂಟಿನ ಹೊರಗೆ ಇಳಿಯಬೇಕು. ಒಳಗೆ ತುರುಕಿದರೆ ಬೂಟೇ ಬಕೆಟ್ಟು. ಚರ್ಮದ ಗ್ಲೌಸ್ ಒದ್ದೆಯಾದರೆ ಒಣಗುವುದಿಲ್ಲ. ತೆಳು ಉಣ್ಣೆ ಗ್ಲೌಸ್ ಹಾಕಿ, ಮೇಲೆ ಪಾತ್ರೆ ತೊಳೆಯುವ ದೊಡ್ಡ ಸೈಜಿನ ರಬ್ಬರ್ ಗ್ಲೌಸ್ ಹಾಕಿದರೆ ಬೆರಳು ಬೆಚ್ಚಗೆ. ಗೆಳೆಯರು ನಗುತ್ತಾರೆ, ನಗಲಿ. ಹೆಲ್ಮೆಟ್ ಗಾಜಿನ ಒಳಬದಿಗೆ ಒಣ ಸೋಪನ್ನು ತೆಳುವಾಗಿ ಸವರಿ ಮೆತ್ತನೆ ಬಟ್ಟೆಯಿಂದ ಒರೆಸಿದರೆ ಉಸಿರಿನ ಮಂಜು ಕಟ್ಟುವುದು ಕಡಿಮೆಯಾಗುತ್ತದೆ. ಕಪ್ಪು ಗಾಜು ಬೇಡವೇ ಬೇಡ. ರೇನ್‌ಕೋಟ್ ಹಳದಿಯೋ ಕಿತ್ತಳೆಯೋ ಇರಲಿ. ಮಂಜಿನಲ್ಲಿ ಕಪ್ಪು ಬಟ್ಟೆಯವರು ಬಸ್ ಡ್ರೈವರಿಗೆ ಕಾಣುವುದು ತೀರಾ ಹತ್ತಿರ ಬಂದ ಮೇಲೆ. ರಾತ್ರಿ ತಲುಪಿದ ಮೇಲೆ ಚೈನಿಗೆ ಎಣ್ಣೆ ಹಾಕಿ ಮಲಗಿ.

2018ರ ಆಗಸ್ಟಿನಲ್ಲಿ ಮಡಿಕೇರಿ ಸುತ್ತ ಗುಡ್ಡ ಕುಸಿದು ಮಂಗಳೂರು ರಸ್ತೆ ಮುಚ್ಚಿದ್ದು ನಿಮಗೆ ನೆನಪಿರಲಿಕ್ಕಿಲ್ಲ, ನೀವಾಗ ಚಿಕ್ಕವರು. ನಮಗೆ ಮರೆಯುವುದಿಲ್ಲ. ಜಿಲ್ಲಾಡಳಿತ ರೆಡ್ ಅಲರ್ಟ್ ಹೇಳಿದ ದಿನ ಹೊರಡಬೇಡಿ. ಮುಂಗಡ ದುಡ್ಡು ಹೋಗುತ್ತದೆ ಎಂದು ಬರುವವರಿದ್ದಾರೆ. ಹೋಮ್‌ಸ್ಟೇಯವರಿಗೆ ಫೋನ್ ಮಾಡಿ ತಾರೀಕು ಬದಲಿಸಲು ಕೇಳಿ. ಅಂಥ ದಿನ ನೀವು ಬರದಿದ್ದರೇ ನಮಗೆ ಸಮಾಧಾನ.

ಪ್ರಶ್ನೆ: ಡ್ರೋನ್ ತರಬಹುದೇ? (ಹಾಸನದ ಓದುಗರು)

ಕಾಡಿನಲ್ಲಿ ಅನುಮತಿ ಇಲ್ಲದೆ ಹಾರಿಸುವ ಹಾಗಿಲ್ಲ. ತೋಟದ ಮೇಲೆ ಹಾರಿಸುವುದಾದರೆ ತೋಟದವರನ್ನು ಕೇಳಿ. ಕೆಲಸದ ಹೆಂಗಸರ ತಲೆ ಮೇಲೆ ಗುಂಯ್ಗುಟ್ಟುತ್ತಾ ಸುತ್ತಿಸಿದರೆ ನಾನಂತೂ ಸುಮ್ನೆ ಇರುವುದಿಲ್ಲ.

ಪ್ರಶ್ನೆ: ಮೊಬೈಲ್ ಸಿಗ್ನಲ್ ಸಿಗುತ್ತದೆಯೇ? ಕಾರಿನಲ್ಲಿ ಮ್ಯಾಪ್ ನೋಡಿಕೊಂಡೇ ಬರುವ ಅಭ್ಯಾಸ. (ಶಿವಮೊಗ್ಗದ ಓದುಗರು)

ಪೇಟೆಗಳಲ್ಲಿ ಸಿಗುತ್ತದೆ. ಒಂದು ಗುಡ್ಡ ದಾಟಿದರೆ ಹೋಯಿತು. ಮಳೆಗಾಲದಲ್ಲಿ ಮರ ಬಿದ್ದು ಕರೆಂಟ್ ಹೋದರೆ ಟವರೂ ಕೈಕೊಡುತ್ತದೆ. ಹೊರಡುವ ಮುಂಚೆ ಮ್ಯಾಪನ್ನು ಆಫ್‌ಲೈನ್ ಇಳಿಸಿಕೊಳ್ಳಿ. ಹೋಮ್‌ಸ್ಟೇಯವರ ನಂಬರ್, ದಾರಿ ಎರಡನ್ನೂ ಕಾಗದದ ಮೇಲೆ ಬರೆದುಕೊಳ್ಳಿ. "ನಾಪೋಕ್ಲು ದಾಟಿ, ಬಸ್ ಸ್ಟ್ಯಾಂಡ್ ಆದ ಮೇಲೆ ಎಡಕ್ಕೆ, ಕಬ್ಬಿಣದ ಗೇಟು" ಎಂದು ಅವರು ಹೇಳಿದ ಹಾಗೇ ಬರೆಯಿರಿ. ಮ್ಯಾಪ್ ಹತ್ತಿರದ ದಾರಿ ಎಂದು ಯಾರದೋ ತೋಟದ ಜೀಪು ರಸ್ತೆಗೆ ಇಳಿಸುತ್ತದೆ. ಅಲ್ಲಿ ಕಾರು ಹೂತರೆ ತೆಗೆಯಲು ನಮ್ಮವರೇ ಹಗ್ಗ ಹಿಡಿದು ಬರಬೇಕು. ದಾರಿ ಬರಬರುತ್ತಾ ಸಪೂರವಾಗಿ ನಡುವೆ ಹುಲ್ಲು ಕಂಡರೆ ಅದು ನಿಮ್ಮ ದಾರಿಯಲ್ಲ, ತಿರುಗಿ.

ಕತ್ತಲಾಗುವ ಮೊದಲೇ ಬಂದು ಸೇರಿ. ತೋಟದ ರಸ್ತೆಯಲ್ಲಿ ಆನೆ ದಾಟುವ ಜಾಗಗಳಿವೆ, ಸಿದ್ದಾಪುರ, ತಿತಿಮತಿ ಕಡೆಯಂತೂ ಮಾಮೂಲಿ. ಎದುರಾದರೆ ಹಾರ್ನ್ ಬೇಡ, ಲೈಟು ಮಿನುಗಿಸುವುದೂ ಬೇಡ. ನಿಂತು, ಮೆಲ್ಲಗೆ ಹಿಂದೆ ಬನ್ನಿ. ಚಿಲ್ಲರೆ ನೋಟು ಜೇಬಿನಲ್ಲಿರಲಿ, ಸಿಗ್ನಲ್ ಇಲ್ಲದಲ್ಲಿ ಯುಪಿಐ ಎಲ್ಲಿಂದ ಬರಬೇಕು? ತಲೆಗೆ ಕಟ್ಟುವ ಟಾರ್ಚ್ ಒಬ್ಬರಿಗೊಂದು ತನ್ನಿ. ಮೊಬೈಲ್ ಟಾರ್ಚಿಗೆ ಒಂದು ಕೈ ಬೇಕು, ಬ್ಯಾಟರಿಯೂ ಬೇಗ ಖಾಲಿ. ಪವರ್ ಬ್ಯಾಂಕ್ 10,000 ಎಂಎಎಚ್‌ನದ್ದು ಸಾಕು. ಕಣ್ಣೂರಿಗೋ ಮಂಗಳೂರಿಗೋ ವಿಮಾನದಲ್ಲಿ ಬಂದು ಇಲ್ಲಿಗೆ ಬರುವವರು ಅದನ್ನು ಕೈಚೀಲದಲ್ಲೇ ಇಡಬೇಕು, ಚೆಕ್ ಇನ್ ಸಾಮಾನಿನಲ್ಲಿ ಬಿಡುವುದಿಲ್ಲ. ರೈಲು ಹುಡುಕುವವರಿಗೆ: ಕೊಡಗಿನಲ್ಲಿ ರೈಲೇ ಇಲ್ಲ.

ಪ್ರಶ್ನೆ: ನಿವೃತ್ತಿಯ ನಂತರ ಹಕ್ಕಿ ನೋಡುವ ಹುಚ್ಚು ಹಿಡಿದಿದೆ. ಬೈನಾಕ್ಯುಲರ್ ಕೊಳ್ಳಬೇಕು. ಅಂಗಡಿಯವರು ಜೂಮ್ ಇರುವುದು ಒಳ್ಳೆಯದು ಎನ್ನುತ್ತಾರೆ. ಕನ್ನಡಕ ಹಾಕುತ್ತೇನೆ. (ಮೈಸೂರಿನ ನಿವೃತ್ತ ಶಿಕ್ಷಕರು)

ಈ ಪ್ರಶ್ನೆ ಬಂದದ್ದು ಖುಷಿ. ಜೂಮ್ ಬೇಡ ಮೇಷ್ಟ್ರೇ. 8×42 ಎಂದು ಬರೆದದ್ದನ್ನು ಕೇಳಿ. ಎಂಟು ಅಂದರೆ ಎಂಟು ಪಟ್ಟು ಹತ್ತಿರ ಕಾಣುತ್ತದೆ, 42 ಅಂದರೆ ಮುಂದಿನ ಮಸೂರದ ಅಗಲ ಮಿಲಿಮೀಟರ್‌ನಲ್ಲಿ. ಹತ್ತು ಹನ್ನೆರಡು ಪಟ್ಟಿನದ್ದು ಹಿಡಿದರೆ ಕೈ ನಡುಕವೂ ಅಷ್ಟೇ ಪಟ್ಟು ಹೆಚ್ಚುತ್ತದೆ, ಹಕ್ಕಿ ಕುಣಿಯುತ್ತದೆ. ನಮ್ಮ ತೋಟಗಳಲ್ಲಿ ನೆರಳು ದಟ್ಟ, ಬೆಳಕು ಕಡಿಮೆ. 42ನ್ನು 8ರಿಂದ ಭಾಗಿಸಿದರೆ ಸುಮಾರು 5 ಬರುತ್ತದಲ್ಲ, ಅಷ್ಟು ಮಿಲಿಮೀಟರ್ ಅಗಲದ ಬೆಳಕಿನ ಕಂತೆ ನಿಮ್ಮ ಕಣ್ಣಿಗೆ ಬರುತ್ತದೆ. 10×25ರ ಪುಟ್ಟ ಬೈನಾಕ್ಯುಲರಿನಲ್ಲಿ ಅದು ಎರಡೂವರೆ ಮಾತ್ರ. ಬೆಳಗ್ಗೆ ಆರೂವರೆಗೆ ಹಲಸಿನ ಮರದ ನೆರಳಲ್ಲಿ ಕೂತ ಸಿಳ್ಳಾರದ ನೀಲಿ ಕಾಣಬೇಕೆಂದರೆ ಈ ವ್ಯತ್ಯಾಸ ಬೇಕೇ ಬೇಕು. ಇಲ್ಲದಿದ್ದರೆ ಅದು ಬರೀ ಕರಿ ಹಕ್ಕಿ.

ಕನ್ನಡಕದವರಿಗೆ ಐ ರಿಲೀಫ್, ಅಂದರೆ ಕಣ್ಣಿಗೂ ಮಸೂರಕ್ಕೂ ನಡುವೆ ಇರಬಹುದಾದ ದೂರ, 15 ಮಿಲಿಮೀಟರಿಗಿಂತ ಜಾಸ್ತಿ ಇರಲಿ. ಕಣ್ಣಿನ ಬಳಿಯ ರಬ್ಬರ್ ಕಪ್ಪನ್ನು ಒಳಗೆ ತಿರುಗಿಸಿ ಕನ್ನಡಕದ ಮೇಲೆಯೇ ಇಟ್ಟು ಅಂಗಡಿಯಲ್ಲೇ ನೋಡಿ. ಪೂರ್ತಿ ವೃತ್ತ ಕಾಣಬೇಕು, ಅಂಚು ಕತ್ತಲಾಗಬಾರದು. ಒಳಗೆ ನೈಟ್ರೋಜನ್ ತುಂಬಿದ ವಾಟರ್‌ಪ್ರೂಫ್ ಮಾದರಿ ಸ್ವಲ್ಪ ದುಬಾರಿ, ಆದರೆ ಮಸೂರದ ಒಳಬದಿ ಮಂಜು ಹಿಡಿಯುವುದಿಲ್ಲ. ಕೊಡಗಿನ ತೇವಕ್ಕೆ ಮಸೂರಕ್ಕೆ ಬೂಷ್ಟು ಬರುತ್ತದೆ. ಗಾಳಿಯಾಡದ ಡಬ್ಬಿಯಲ್ಲಿ ಸಿಲಿಕಾ ಜೆಲ್ ಪೊಟ್ಟಣಗಳ ಜೊತೆ ಇಡಿ. ಅಕ್ಕಿ ಡಬ್ಬದಲ್ಲಿ ಹೂತಿಡುವವರಿದ್ದಾರೆ, ಅಕ್ಕಿಯ ಧೂಳು ಸಂದಿಗೆ ಸೇರುತ್ತದೆ, ಬೇಡ. ಎ.ಸಿ. ಕಾರಿನಿಂದ ಇಳಿದ ಕೂಡಲೇ ಹೊರಗೆ ತೆಗೆಯಬೇಡಿ, ಚೀಲದಲ್ಲೇ ಸ್ವಲ್ಪ ಹೊತ್ತು ಬಿಡಿ. ಕ್ಯಾಮೆರಾಗೂ ಇದೇ ಮಾತು.

ಜನವರಿ, ಫೆಬ್ರವರಿಯಲ್ಲಿ ಬನ್ನಿ. ಅತ್ತಿ, ಆಲದ ಮರ ಹಣ್ಣು ಬಿಟ್ಟಿದ್ದರೆ ಅದರ ಕೆಳಗೆ ಸುಮ್ನೆ ಕೂತರೆ ಸಾಕು, ಮಂಗಟ್ಟೆ ತಾನೇ ಬರುತ್ತದೆ. ಬರುವಾಗ ರೆಕ್ಕೆಯ ಸದ್ದು ದೂರದಿಂದಲೇ ಕೇಳುತ್ತದೆ. ಹಳದಿ ಕಿತ್ತಳೆ ಅಂಗಿ ಬೈಕಿನವರಿಗೆ ಹೇಳಿದ್ದು, ನಿಮಗಲ್ಲ. ಮಾಸಲು ಹಸಿರು ಹಾಕಿ.

ಪ್ರಶ್ನೆ: ಒಂದು ವರ್ಷದ ಮಗು ಇದೆ. ಮಳೆಗಾಲದಲ್ಲಿ ಬರಬಹುದೇ? (ಉಡುಪಿಯ ಓದುಗಿ)

ಉಡುಪಿಯ ಮಗುವಿಗೆ ಮಳೆ ಹೊಸದೇ? ಬನ್ನಿ. ಡೈಪರ್ ಸಾಕಷ್ಟು ತನ್ನಿ, ಬಟ್ಟೆಯ ಲಂಗೋಟಿ ಒಣಗುವುದಿಲ್ಲ. ಬಳಸಿದ್ದನ್ನು ಕಟ್ಟಿ ವಾಪಸ್ ಪೇಟೆಗೆ ಒಯ್ಯಿರಿ, ತೋಟದಲ್ಲಿ ಎಸೆದರೆ ನಾಯಿ, ಹಂದಿ ಎಳೆದಾಡುತ್ತವೆ. ಮಗುವಿನ ಮಾಮೂಲಿ ಔಷಧಿ ನಿಮ್ಮ ಜೊತೆಗೇ ಇರಲಿ. ರಾತ್ರಿ ಎಂಟಕ್ಕೆ ನಮ್ಮ ಕಡೆ ಅಂಗಡಿ ಮುಚ್ಚಿರುತ್ತದೆ.

ಪ್ರಶ್ನೆ: ಹಿಂದಿನ ಸಲ ಕಾಚಂಪುಳಿ ಬಾಟಲಿ ಚೀಲದಲ್ಲಿ ಸೋರಿ ಬಿಳಿ ಅಂಗಿಯೆಲ್ಲ ಕಪ್ಪಾಯಿತು. ಕೊಡಗಿನಿಂದ ಏನು ಕೊಳ್ಳಬೇಕು, ಹೇಗೆ ಒಯ್ಯಬೇಕು? (ಧಾರವಾಡದ ಓದುಗರು)

ಅಂಗಿ ಹೋಯಿತು ಬಿಡಿ. ಕಾಚಂಪುಳಿ ಅಂದರೆ ಪಣಪುಳಿ ಹಣ್ಣಿನ ರಸವನ್ನು ಕಪ್ಪಾಗಿ ಮಂದವಾಗುವವರೆಗೆ ಕುದಿಸಿದ್ದು, ಹಂದಿ ಮಾಂಸದ ಪಂದಿಕರಿಗೆ ಕೊನೆಯಲ್ಲಿ ಒಂದು ಚಮಚ ಬೀಳುವುದು ಅದೇ. ವರ್ಷಗಟ್ಟಲೆ ಕೆಡುವುದಿಲ್ಲ, ಆದ್ದರಿಂದ ಚಿಕ್ಕ ಬಾಟಲಿ ಸಾಕು. ಮುಚ್ಚಳ ತೆಗೆದು ಬಾಯಿಗೆ ಪ್ಲಾಸ್ಟಿಕ್ ತುಂಡು ಇಟ್ಟು, ಮೇಲೆ ಮುಚ್ಚಳ ತಿರುಗಿಸಿ, ಸುತ್ತ ಟೇಪ್. ಆಮೇಲೆ ಪ್ಲಾಸ್ಟಿಕ್ ಚೀಲ, ಅದರ ಮೇಲೆ ಕಾಗದ. ನೆಟ್ಟಗೆ ನಿಲ್ಲಿಸಿ. ಜೇನಿಗೂ ಇದೇ ಕ್ರಮ. ಜೇನು ತಳದಲ್ಲಿ ಸಕ್ಕರೆಯ ಹಾಗೆ ಗಟ್ಟಿಯಾದರೆ ಕಲಬೆರಕೆ ಎಂದು ಎಸೆಯಬೇಡಿ. ಅಸಲಿ ಜೇನೂ ಹರಳುಗಟ್ಟುತ್ತದೆ. ಬಿಸಿ ನೀರಿನ ಪಾತ್ರೆಯಲ್ಲಿ ಬಾಟಲಿ ಇಟ್ಟರೆ ಕರಗುತ್ತದೆ.

ಕಾಫಿ ಪುಡಿ ಕೊಳ್ಳುವಾಗ ಪೊಟ್ಟಣದ ಹಿಂದೆ ಓದಿ. ಚಿಕೋರಿ ಎಷ್ಟು ಪಾಲು ಎಂದು ಬರೆದಿರಲೇಬೇಕು. ಶೇಕಡಾ 49ರವರೆಗೆ ಹಾಕಲು ಕಾನೂನಿನಲ್ಲೇ ಅವಕಾಶವಿದೆ. ಅಂದರೆ ಅರ್ಧಕ್ಕರ್ಧ ಚಿಕೋರಿ ತುಂಬಿದ ಪುಡಿಯನ್ನು "ಕೂರ್ಗ್ ಕಾಫಿ" ಎಂದು ಹೆಮ್ಮೆಯಿಂದ ಒಯ್ಯುವವರಿದ್ದಾರೆ. ಫಿಲ್ಟರಿಗೆ ಸ್ವಲ್ಪ ಚಿಕೋರಿ ಇದ್ದರೆ ನನಗೂ ಇಷ್ಟ, ಆದರೆ ಎಷ್ಟು ಎನ್ನುವುದು ಗೊತ್ತಿರಬೇಕು. ಮನೆಯಲ್ಲಿ ಪುಡಿ ಮಾಡುವ ಯಂತ್ರವಿದ್ದರೆ ಹುರಿದ ಬೀಜವನ್ನೇ ಒಯ್ಯಿರಿ, ಪರಿಮಳ ಹೆಚ್ಚು ದಿನ ನಿಲ್ಲುತ್ತದೆ. ಕರಿಮೆಣಸು ಇಡಿಯದ್ದೇ ಕೊಳ್ಳಿ, ಪುಡಿ ಬೇಡ. ಏಲಕ್ಕಿಯನ್ನು ಕಾಫಿಯ ಪಕ್ಕ ಇಡಬೇಡಿ, ಎರಡರ ವಾಸನೆಯೂ ಕೆಡುತ್ತದೆ. ಕೊಡಗಿನ ಕಿತ್ತಳೆಯ ಸಿಪ್ಪೆ ಸಡಿಲ, ಭಾರ ತಡೆಯುವುದಿಲ್ಲ. ಬುಟ್ಟಿಯಲ್ಲಿ ತುಂಬಿ ಕಾರಿನ ಸೀಟಿನ ಮೇಲಿಡಿ, ಮೇಲೆ ಏನನ್ನೂ ಹೇರಬೇಡಿ. ಹಾದಿಯಲ್ಲಿ ತಿನ್ನುವುದಕ್ಕೆಂದು ಬೇರೆಯಾಗಿ ಒಂದು ಡಜನ್ ತೆಗೆದುಕೊಳ್ಳಿ. ಇಲ್ಲದಿದ್ದರೆ ಹುಣಸೂರು ಬರುವಷ್ಟರಲ್ಲಿ ಬುಟ್ಟಿ ಅರ್ಧವಾಗಿರುತ್ತದೆ.